ಹೊತ್ತೊಯ್ಯುವ ದೋಣಿಗಳು: ಹರಿಗೋಲಿನಿಂದ ರಾಫ್ಟಿನವರೆಗೆ

ಕಾಳಿ ನದಿಗೆ ಈಗ ದೋಣಿ ಬರುವುದು ಜೀಪಿನ ನೆತ್ತಿಯ ಮೇಲೆ. ಗಣೇಶಗುಡಿಯ ದಂಡೆಯಲ್ಲಿ ರಬ್ಬರ್ ರಾಫ್ಟನ್ನು ಇಳಿಸಿ, ಪಂಪಿನಿಂದ ಗಾಳಿ ತುಂಬಿ, ಹೆಲ್ಮೆಟ್ಟು, ಲೈಫ್ ಜಾಕೆಟ್ಟು ತೊಟ್ಟ ಪ್ರವಾಸಿಗರನ್ನು ಕೂರಿಸಿ ನೀರಿಗೆ ಬಿಡುತ್ತಾರೆ. ಆಟ ಮುಗಿದ ಮೇಲೆ ಅದು ಮತ್ತೆ ಗಾಡಿ ಏರುತ್ತದೆ. ದಂಡೆಯಲ್ಲಿ ಕಟ್ಟಿಹಾಕುವ ಬದಲು ದೋಣಿಯನ್ನು ಜೊತೆಗೇ ಒಯ್ಯುವ ಈ ಪದ್ಧತಿ ದಾಂಡೇಲಿಗೆ ಪ್ರವಾಸೋದ್ಯಮದಿಂದ ಬಂತು ಎಂದುಕೊಳ್ಳುವುದು ಸುಲಭ. ಆದರೆ ದೋಣಿಯ ಎಲುಬು ಬೇರೆ, ತೊಗಲು ಬೇರೆ ಮಾಡುವ ವಿದ್ಯೆ ಕನ್ನಡ ನಾಡಿನಲ್ಲಿ ಐದು ಶತಮಾನಗಳಿಗೂ ಹಳೆಯದು.

ಯುರೋಪಿನವರು ಇದಕ್ಕೆ ಕಾರ್ಖಾನೆಯ ರೂಪ ಕೊಟ್ಟರು. 1905ರಲ್ಲಿ ಮ್ಯೂನಿಕ್‌ನ ವಾಸ್ತುಶಿಲ್ಪ ವಿದ್ಯಾರ್ಥಿ ಆಲ್ಫ್ರೆಡ್ ಹಾಯ್ರಿಷ್ ಮಡಚುವ ಕಯಾಕ್ ಒಂದನ್ನು ಮಾಡಿದ. ಎರಡು ವರ್ಷಗಳಲ್ಲಿ ಅದರ ಹಕ್ಕು ಯೋಹಾನ್ ಕ್ಲೆಪರ್ ಎಂಬ ದರ್ಜಿಯ ಕೈಸೇರಿತು. ಮರದ ಬಿಡಿಭಾಗಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಂದರ ಮಾಡುವುದು, ರಬ್ಬರ್ ಲೇಪದ ಬಟ್ಟೆಯನ್ನು ಅದರ ಮೇಲೆ ಬಿಗಿಯುವುದು, ಕೆಲಸ ಮುಗಿದರೆ ಎಲ್ಲವನ್ನೂ ಚೀಲಕ್ಕೆ ತುಂಬಿ ರೈಲು ಹತ್ತುವುದು. ದೋಣಿಯನ್ನು ಒಬ್ಬ ದರ್ಜಿ ಗೆಲ್ಲಿಸಿದ್ದು ಆಕಸ್ಮಿಕವಲ್ಲ; ಇಡೀ ಕಸುಬು ನಿಂತಿರುವುದೇ ಹೊಲಿಗೆಯ ಮೇಲೆ.

ಇಂಥದೇ ದೋಣಿಯಲ್ಲಿ ಜರ್ಮನ್ ಸಾಹಸಿ ಆಸ್ಕರ್ ಸ್ಪೆಕ್ 1932ರಲ್ಲಿ ತನ್ನ ನಾಡಿನ ಉಲ್ಮ್‌ನಿಂದ ಹೊರಟು, ನಮ್ಮ ಪಶ್ಚಿಮ ಕರಾವಳಿಯ ಗುಂಟ ಸಿಲೋನಿಗೆ ಇಳಿದು, 1939ರಲ್ಲಿ ಆಸ್ಟ್ರೇಲಿಯದ ನೀರಿಗೆ ಮುಟ್ಟಿದ. ಎರಡನೆಯ ಮಹಾಯುದ್ಧ ಶುರುವಾಗಿತ್ತು, ಆಸ್ಟ್ರೇಲಿಯದವರು ಅವನನ್ನು ಸೆರೆಯಲ್ಲಿಟ್ಟರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಮಡಚುವ ಕಯಾಕಿಗೆಂದೇ ಪಂದ್ಯಗಳಿದ್ದವು, ಮುಂದೆ ಎಂದೂ ನಡೆಯಲಿಲ್ಲ. 1942ರ ಡಿಸೆಂಬರಿನಲ್ಲಿ ಬ್ರಿಟಿಷ್ ಮರೀನ್ ಸೈನಿಕರು ಕ್ಯಾನ್ವಾಸಿನ ಮಡಚುವ ದೋಣಿಗಳಲ್ಲಿ ಬೋರ್ಡೋ ಬಂದರಿಗೆ ನುಗ್ಗಿದರು. ಹೊರಟ ಹತ್ತು ಮಂದಿಯಲ್ಲಿ ಜೀವಂತ ಮರಳಿದವರು ಇಬ್ಬರೇ. ಈ ಪರಂಪರೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಂಥ ಸಾಹಸಗಳಲ್ಲೇ ಮೈಮರೆಯುತ್ತಾರೆ. ದೋಣಿಯ ಗುಣವನ್ನು ತೂಗಲು ಸಾಹಸ ಸಾಲದು. ಹರಿದರೆ ಹೊಲಿಯುವವರು ಯಾರು, ಎಲ್ಲಿ, ಯಾವ ಸಾಮಾನಿನಿಂದ ಎಂದು ಕೇಳಬೇಕು.

ಆ ಪ್ರಶ್ನೆಗೆ ಹರಿಗೋಲಿನ ಹತ್ತಿರ ಒಳ್ಳೆಯ ಉತ್ತರವಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುವುದನ್ನು ಕಂಡ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಸುವ ಅವು ಸದಾ ಗಿರಗಿರ ತಿರುಗುತ್ತಲೇ ಸಾಗುತ್ತವೆ ಎಂದು ಬರೆದಿಟ್ಟ.

ಕಟ್ಟುವ ಬಗೆ ನೋಡಿದರೆ ಜಾಣತನ ತಿಳಿಯುತ್ತದೆ. ಬಿದಿರಿನ ಸೀಳುಗಳನ್ನು ನೆಲದ ಮೇಲೆ ಆರು ಮೂಲೆಯ ಕಣ್ಣುಗಳು ಬರುವಂತೆ ಹೆಣೆದು ತಳ ಮಾಡುತ್ತಾರೆ. ಅದು ಅಲುಗದಂತೆ ಮೇಲೆ ಕಲ್ಲು ಹೇರುತ್ತಾರೆ. ಆಮೇಲೆ ಹೊರಚಾಚಿದ ಸೀಳುಗಳನ್ನು ಮೇಲಕ್ಕೆ ಬಗ್ಗಿಸಿ ಗೋಡೆ ಎಬ್ಬಿಸಿ, ಅಂಚನ್ನು ದಪ್ಪನಾಗಿ ಸುತ್ತಿ ಬಿಗಿಯುತ್ತಾರೆ. ಮೊಳೆಯಿಲ್ಲ, ಹಲಗೆಯಿಲ್ಲ. ಬಂಡೆಗೆ ಬಡಿದರೆ ಬುಟ್ಟಿ ಮಣಿದು ಏಟು ತಿನ್ನುತ್ತದೆ. ಸೀಳು ಮುರಿದರೆ ಇನ್ನೊಂದು ಸೀಳು, ಹೊದಿಕೆ ಹೋದರೆ ಇನ್ನೊಂದು ಹೊದಿಕೆ. ಚರ್ಮದ ಕಾಲ ಮುಗಿದ ಮೇಲೆ ಪ್ಲಾಸ್ಟಿಕ್ ಗೋಣಿಯ ಹಾಳೆಗೆ ಡಾಂಬರು ಬಳಿದು ಅದೇ ಬುಟ್ಟಿಗೆ ಹೊದಿಸಿದರು. ವಿನ್ಯಾಸ ಒಂದಿಷ್ಟೂ ಕದಲಲಿಲ್ಲ.

ಸೈನ್ಯಕ್ಕೂ ಇದರ ಬೆಲೆ ಗೊತ್ತಿತ್ತು. ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಹಳಿಯಾಳದ ಹೆಸರು ಮತ್ತೆ ಮತ್ತೆ ಬರುತ್ತದೆ. ಮರಾಠಾ ಗಡಿಯ ಮುಖ್ಯ ಠಾಣ್ಯವೆಂದು ಅವನು ಅದನ್ನು ಎಣಿಸಿದ್ದ. 1800ರಲ್ಲಿ ಬಂಡುಕೋರ ಧೋಂಡಿಯ ವಾಘನನ್ನು ಅಟ್ಟಿಸಿಕೊಂಡು ಹೊರಟಾಗ ಮಳೆಗಾಲದ ತುಂಗಭದ್ರೆ, ವರದೆ, ಮಲಪ್ರಭೆಗಳು ಅಡ್ಡ ಬಂದವು. ಆಗ ಅವನು ನೆಚ್ಚಿಕೊಂಡದ್ದು ಈ ಬುಟ್ಟಿದೋಣಿಗಳನ್ನೇ. ವಾಟರ್ಲೂ ಗೆದ್ದವನ ಜೀವನಚರಿತ್ರೆಗಳಲ್ಲಿ ಆ ಬುಟ್ಟಿ ಹೆಣೆದವರಿಗೆ ಎಷ್ಟು ಸಾಲು ಸಿಕ್ಕಿವೆಯೋ!

ಮುಂಡಗೋಡಿಗೆ ಬಂದರೆ ಇದೇ ಕುಲದ ಇನ್ನೊಂದು ದೋಣಿಯ ನೆನಪು ಸಿಗುತ್ತದೆ. 1966ರಲ್ಲಿ ಇಲ್ಲಿ ನೆಲೆ ಕಂಡ ಟಿಬೆಟನ್ನರ ನಾಡಿನಲ್ಲಿ ಮರದ ಹಂದರಕ್ಕೆ ಯಾಕ್ ಚರ್ಮ ಹೊಲಿದ ದೋಣಿಗಳಿದ್ದವು. ಪ್ರವಾಹದ ಜೊತೆ ಇಳಿಯುವುದು, ದಡದಲ್ಲಿ ಒಣಗಿಸುವುದು, ಬೆನ್ನ ಮೇಲೆ ಕವುಚಿಕೊಂಡು ಮೇಲಕ್ಕೆ ನಡೆಯುವುದು ಅಂಬಿಗನ ದಿನಚರಿ. 1959ರ ಮಾರ್ಚಿನಲ್ಲಿ ದಲೈ ಲಾಮಾ ಲ್ಹಾಸಾದಿಂದ ಪಾರಾಗುವಾಗ ಕೀಚು ನದಿ ದಾಟಿದ್ದು ಇಂಥ ಚರ್ಮದ ದೋಣಿಯಲ್ಲಿ.

ಹೊಗಳಿಕೆಗೂ ಮಿತಿ ಬೇಕು. ಈ ಕುಲದ ದೋಣಿಗಳಿಗೆಲ್ಲ ಶತ್ರು ಒಂದೇ: ತೇವ. ಚರ್ಮ ಕೊಳೆಯುತ್ತದೆ, ಒದ್ದೆ ಕ್ಯಾನ್ವಾಸಿಗೆ ಬೂಷ್ಟು ಹಿಡಿಯುತ್ತದೆ. ಜೋಯಿಡಾದ ಮಳೆಗಾಲದಲ್ಲಿ ಕ್ಲೆಪರ್ ದೋಣಿಯನ್ನು ಒಣಗಿಸಿ ಮಡಚುವುದು ಯಾರಿಂದಲೂ ಆಗದ ಮಾತು. ಹರಿಗೋಲಿಗಂತೂ ಮೂಗಿಲ್ಲ, ಅಡಿಗಂಬವಿಲ್ಲ. ಹುಟ್ಟು ಹಾಕುವವನ ಕೈ ತಪ್ಪಿದರೆ ದಿಕ್ಕೂ ಇಲ್ಲ. ಹೇರು ಹೆಚ್ಚಾದರೆ ನಿಂತ ನೀರಿನಲ್ಲೂ ಅದು ಅಪಾಯ. ಗಣೇಶಗುಡಿಯ ಸೆಳವಿನಲ್ಲಿ ರಾಫ್ಟ್ ಗೆದ್ದದ್ದು ನ್ಯಾಯವಾಗಿಯೇ.

ಆದರೆ ಆ ರಾಫ್ಟು ಓಡುವ ಹೊತ್ತನ್ನು ನದಿ ನಿರ್ಧರಿಸುವುದಿಲ್ಲ. ಸೂಪಾ ಅಣೆಕಟ್ಟಿನ ಬುಡದ ವಿದ್ಯುದಾಗಾರ ನೀರು ಬಿಟ್ಟರೆ ಆಟ, ಇಲ್ಲದಿದ್ದರೆ ಬಂಡೆಗಳ ದರ್ಶನ. ಕಾಳಿ ಮತ್ತು ಪಾಂಢರಿ ಕೂಡುವಲ್ಲಿದ್ದ ಹಳೆಯ ಸೂಪಾ ಊರೇ ಆ ಜಲಾಶಯದಡಿ ಮುಳುಗಿದೆ; ಅಲ್ಲಿಂದ ಎದ್ದು ಬಂದವರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ರಾಫ್ಟಿನ ಬಟ್ಟೆ ಹರಿದರೆ ತೇಪೆ ಹಾಕುವ ಅಂಟು, ಹಾಳೆ ಎಲ್ಲವೂ ಹೊರಗಿನಿಂದ ಬರಬೇಕು. ದಂಡೆಯ ಗಿಡದಿಂದಲೇ ರಿಪೇರಿಯಾಗುವ ಗುಣ ಈ ಪರಂಪರೆಯಿಂದ ಜಾರಿದ್ದು ಇಲ್ಲಿ.

ರಾಫ್ಟನ್ನಾದರೂ ಒಪ್ಪಬಹುದು. ಒಪ್ಪಲಾಗದ್ದು ಇಲ್ಲಿನ ರೆಸಾರ್ಟುಗಳ ಫೈಬರಿನ ಹರಿಗೋಲು. ಆಕಾರ ಮಾತ್ರ ಹಳೆಯದು. ಅದು ಮಣಿಯುವುದಿಲ್ಲ, ಹೊದಿಕೆ ಬಿಚ್ಚುವಂತಿಲ್ಲ, ಬಿರುಕು ಬಿಟ್ಟರೆ ಬಿದಿರು ಹೆಣೆಯುವ ಮೇದಾರನಿಗೆ ಅದರಲ್ಲಿ ಕೆಲಸವಿಲ್ಲ. ಅದೂ ಎಲ್ಲಿ? ಬಿದಿರಿಗೆ ಹೆಸರಾಗಿ, ಅದನ್ನೇ ನಂಬಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದು ಕೂತ ದಾಂಡೇಲಿಯ ಸೀಮೆಯಲ್ಲಿ. ಹಿನ್ನೀರಿನಲ್ಲಿ ಹರಿಗೋಲು ಸವಾರಿ ನಡೆಸುವ ರೆಸಾರ್ಟಿನವರು ಮುಂದಿನ ಸಲ ಹರಿಗೋಲು ಕೊಳ್ಳುವಾಗ ಹೆಣೆಯಬಲ್ಲ ಮೇದಾರರನ್ನು ಕರೆಸಲಿ. ಪ್ರವಾಸಿಗರ ಎದುರಿಗೇ ಕಟ್ಟಿಸಲಿ, ಕೂಲಿಯನ್ನು ಸರಿಯಾಗಿ ಕೊಡಲಿ, ಲೈಫ್ ಜಾಕೆಟ್ಟನ್ನು ಮಾತ್ರ ಮರೆಯದಿರಲಿ.