ಬಿಳಿ ರಕ್ಷಾ ಉಡುಪು: ತೂಕ ನೋಡಿ ಕೊಂಡರೆ ಸಾಕೆ?

ಕೋವಿಡ್ ಸೋಂಕು ಹರಡಿದ 2020ರಲ್ಲಿ ‘ಪಿಪಿಇ ಕಿಟ್’ ಎಂಬುದು ಮನೆಮಾತಾಯಿತು. ತಲೆಯಿಂದ ಕಣಕಾಲಿನವರೆಗೆ ಮೈಮುಚ್ಚುವ, ಒಮ್ಮೆ ಬಳಸಿ ಎಸೆಯುವ ಬಿಳಿ ಉಡುಪನ್ನು ನೀವೆಲ್ಲ ಕಂಡಿದ್ದೀರಿ. ಉದ್ಯಮದವರು ಅದನ್ನು ‘ಕವರಾಲ್’ ಎನ್ನುತ್ತಾರೆ. ಕೋವಿಡ್‌ಗೆ ಎಷ್ಟೋ ವರ್ಷ ಮೊದಲೇ ಇದು ಬಣ್ಣ ಸಿಂಪಡಿಸುವ ಶೆಡ್ಡುಗಳಲ್ಲಿ, ಔಷಧ ಕಾರ್ಖಾನೆಗಳಲ್ಲಿ, ಆಸ್ಬೆಸ್ಟಾಸ್ ತೆರವುಗೊಳಿಸುವ ಕೆಲಸದಲ್ಲಿ ಬಳಕೆಯಲ್ಲಿತ್ತು. 2020ರಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳು ಇದರ ತಯಾರಿಕೆಗೆ ಇಳಿದವು. ನಗರವು ದೇಶದ ಪ್ರಮುಖ ಉತ್ಪಾದನಾ ಕೇಂದ್ರಗಳಲ್ಲಿ ಒಂದಾಯಿತು. ಹೀಗೆ ಉಡುಪು ಸುಲಭವಾಗಿ ಸಿಗುವಂತಾಯಿತು. ಆದರೆ ಅದನ್ನು ಆರಿಸುವ ತಿಳಿವಳಿಕೆ ಅಷ್ಟೇ ವೇಗವಾಗಿ ಹರಡಲಿಲ್ಲ.

ಕೊಳ್ಳುವವರು ಸಾಮಾನ್ಯವಾಗಿ ಮೂರು ಗುರುತುಗಳನ್ನು ನೆಚ್ಚುತ್ತಾರೆ. ಒಂದು, ಬಟ್ಟೆಯ ತೂಕ. ಎರಡು, ಪೊಟ್ಟಣದ ಮೇಲಿನ ‘ಟೈಪ್’ ಸಂಖ್ಯೆ. ಮೂರು, ಹೆಚ್ಚು ಮುಚ್ಚಿದಷ್ಟೂ ಕ್ಷೇಮ ಎಂಬ ನಂಬಿಕೆ. ಈ ಮೂರೂ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸೋಣ.

ತೂಕ ಏನನ್ನು ಹೇಳುತ್ತದೆ?

ಮಾರಾಟದ ಪ್ರಕಟಣೆಗಳಲ್ಲಿ ‘90 ಜಿಎಸ್‌ಎಂ’ ಎಂದು ದಪ್ಪಕ್ಷರದಲ್ಲಿ ಬರೆದಿರುವುದನ್ನು ನೀವು ಗಮನಿಸಿರಬಹುದು. ಒಂದು ಚದರ ಮೀಟರ್ ಬಟ್ಟೆ 90 ಗ್ರಾಂ ತೂಗುತ್ತದೆ ಎಂಬುದಷ್ಟೇ ಇದರ ಅರ್ಥ. ತೂಕ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬ ತೀರ್ಮಾನ ಇದರಿಂದ ಬರುವುದಿಲ್ಲ.

ಈ ಉಡುಪುಗಳ ಬಟ್ಟೆಯನ್ನು ಮಗ್ಗದಲ್ಲಿ ನೇಯುವುದಿಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಎಳೆ ತೆಗೆದು, ಹಾಸಿ, ಶಾಖದಿಂದ ಅಲ್ಲಲ್ಲಿ ಬೆಸೆಯುತ್ತಾರೆ. ಹೀಗೆ ಬರುವ ‘ಸ್ಪನ್‌ಬಾಂಡ್’ ಬಟ್ಟೆಯ ಎಳೆಗಳು ಸುಮಾರು 15ರಿಂದ 35 ಮೈಕ್ರೋಮೀಟರ್ ದಪ್ಪ. ಅಂಗಡಿಗಳಲ್ಲಿ ಕೊಡುವ ಬಟ್ಟೆಯಂಥ ಕೈಚೀಲ ಇದೇ. ಇದು ಗಟ್ಟಿ, ಆದರೆ ಎಳೆಗಳ ನಡುವಿನ ಸಂದು ದೊಡ್ಡದು. ಅದೇ ಪ್ಲಾಸ್ಟಿಕ್ಕನ್ನು ಬಿಸಿಗಾಳಿಯ ರಭಸದಲ್ಲಿ ಊದಿದರೆ 1ರಿಂದ 5 ಮೈಕ್ರೋಮೀಟರಿನ ನವಿರಾದ ಎಳೆಗಳು ಬರುತ್ತವೆ. ಇದು ‘ಮೆಲ್ಟ್‌ಬ್ಲೋನ್’. ಇದು ದೂಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಹರಿಯುತ್ತದೆ. ಆದ್ದರಿಂದ ಎರಡು ಸ್ಪನ್‌ಬಾಂಡ್ ಪದರಗಳ ನಡುವೆ ಒಂದು ಮೆಲ್ಟ್‌ಬ್ಲೋನ್ ಪದರವಿಟ್ಟು ‘ಎಸ್‌ಎಂಎಸ್’ ಬಟ್ಟೆ ಮಾಡುತ್ತಾರೆ.

ಇನ್ನೊಂದು ಬಗೆ, ಸ್ಪನ್‌ಬಾಂಡ್ ಮೇಲೆ ಸೂಕ್ಷ್ಮರಂಧ್ರಗಳ ಹಾಳೆ ಅಂಟಿಸಿದ್ದು. ಪಾಲಿಎಥಿಲೀನಿಗೆ ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ ಹಾಳೆ ಮಾಡಿ ಎಳೆದರೆ ಪ್ರತಿ ಕಣದ ಸುತ್ತ ಪುಟ್ಟ ಪೊಳ್ಳು ಏರ್ಪಡುತ್ತದೆ. ಈ ಪೊಳ್ಳುಗಳ ಮೂಲಕ ನೀರಿನ ಆವಿ ನುಸುಳುತ್ತದೆ, ಹನಿ ನುಸುಳದು.

ಈಗ ಹೋಲಿಸಿ. ಬರಿಯ ಸ್ಪನ್‌ಬಾಂಡ್ 90 ಗ್ರಾಂ ತೂಗಬಹುದು. ಸ್ಪನ್‌ಬಾಂಡ್ ಮತ್ತು ಹಾಳೆ ಸೇರಿಯೂ ಅಷ್ಟೇ ತೂಗಬಹುದು. ಮೊದಲನೆಯದರಲ್ಲಿ ದ್ರವ ಒಳಬರಬಹುದು, ಎರಡನೆಯದು ಅದನ್ನು ತಡೆಯುತ್ತದೆ. ದೂಳಿನ ಮಟ್ಟಿಗೆ ಅರ್ಧದಷ್ಟೇ ತೂಗುವ ಎಸ್‌ಎಂಎಸ್ ಬಟ್ಟೆ ದಪ್ಪ ಸ್ಪನ್‌ಬಾಂಡಿಗಿಂತ ಮೇಲಾಗಬಹುದು. ಆದ್ದರಿಂದ ತೂಕವನ್ನಷ್ಟೇ ಕೇಳುವ ಖರೀದಿ ಪಟ್ಟಿ ಅಪೂರ್ಣ.

ಸಂಖ್ಯೆಯ ಹಿಂದಿನ ಪರೀಕ್ಷೆ

ರಾಸಾಯನಿಕ ರಕ್ಷಾ ಉಡುಪುಗಳನ್ನು ಯುರೋಪಿನ ಮಾನದಂಡಗಳು ಹಲವು ಟೈಪ್‌ಗಳಾಗಿ ವಿಂಗಡಿಸಿವೆ. ಟೈಪ್ 1 ಅನಿಲಗಳಿಗೆ. 3 ರಭಸದ ದ್ರವಧಾರೆಗೆ. 4 ದ್ರವದ ಸಿಂಚನಕ್ಕೆ. 5 ಗಾಳಿಯಲ್ಲಿ ತೇಲುವ ದೂಳಿಗೆ. 6 ಅಲ್ಪ ಪ್ರಮಾಣದ ಹನಿಗಳಿಗೆ. ಮಾರುಕಟ್ಟೆಯ ಅಗ್ಗದ ಬಿಳಿ ಉಡುಪುಗಳ ಮೇಲೆ ಹೆಚ್ಚಾಗಿ ಕಾಣುವುದು ‘5/6’.

ಟೈಪ್ 5 ಎಂದರೆ ದೂಳು ಒಳಗೆ ಬರುವುದೇ ಇಲ್ಲ ಎಂದು ಅನೇಕರು ತಿಳಿಯುತ್ತಾರೆ. ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಉಡುಪು ತೊಟ್ಟ ವ್ಯಕ್ತಿ ಉಪ್ಪಿನ ಸೂಕ್ಷ್ಮ ಕಣಗಳು ತುಂಬಿದ ಕೋಣೆಯಲ್ಲಿ ನಿಲ್ಲುತ್ತಾನೆ, ನಡೆಯುತ್ತಾನೆ, ಕುಕ್ಕರಗಾಲಲ್ಲಿ ಕೂತು ಏಳುತ್ತಾನೆ. ಒಳಗೆ ಎಷ್ಟು ಕಣ ಸೇರಿತು ಎಂದು ಅಳೆಯುತ್ತಾರೆ. ಹತ್ತು ಉಡುಪುಗಳ ಪೈಕಿ ಎಂಟರಲ್ಲಿ ಸರಾಸರಿ ಒಳಸೋರಿಕೆ ಶೇಕಡಾ 15 ಮೀರಬಾರದು ಎಂಬುದು ಷರತ್ತುಗಳಲ್ಲೊಂದು. ಅಂದರೆ ತೇರ್ಗಡೆಯಾದ ಉಡುಪಿನೊಳಗೂ ದೂಳು ಬರುತ್ತದೆ. ಬರುವುದು ಜಿಪ್, ಮುಂಗೈ, ಮುಖದ ಅಂಚು, ಹೊಲಿಗೆಯ ತೂತುಗಳ ಮೂಲಕ. ಅಳತೆ ಸರಿಯಿಲ್ಲದ ಉಡುಪಿನಲ್ಲಿ ಬಗ್ಗಿದಾಗ ತೊಡೆಸಂದಿ ಹರಿದರೆ ಪರೀಕ್ಷೆಯ ಅಂಕಿಗೆ ಅರ್ಥವೇ ಉಳಿಯದು.

ಟೈಪ್ 6ರ ಪರೀಕ್ಷೆಯಲ್ಲಿ ನಾಲ್ಕು ದ್ರವಗಳಿವೆ: ಶೇ. 30ರ ಸಲ್ಫ್ಯೂರಿಕ್ ಆಮ್ಲ, ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್, ಕ್ಸೈಲೀನ್ ಮತ್ತು ಬ್ಯೂಟನಾಲ್. ಬಟ್ಟೆಯು ಇವುಗಳಲ್ಲಿ ಕನಿಷ್ಠ ಒಂದನ್ನು ತಡೆದರೂ ಆ ಅಂಶದಲ್ಲಿ ತೇರ್ಗಡೆ. ಮೊದಲೆರಡು ನೀರಿನ ದ್ರಾವಣಗಳು. ಪಾಲಿಪ್ರೊಪಿಲೀನ್ ಮೇಲೆ ಹನಿಗಟ್ಟಿ ಜಾರುತ್ತವೆ. ಕ್ಸೈಲೀನಿನ ಮೇಲ್ಮೈ ಎಳೆತ ಕಡಿಮೆ; ಅದು ಬಟ್ಟೆಯನ್ನು ಒದ್ದೆ ಮಾಡಿ ಒಳನುಗ್ಗಬಹುದು. ಆಮ್ಲಕ್ಕೆ ತಕ್ಕ ಉಡುಪು ಬಣ್ಣದ ತಿನ್ನರಿಗೂ ತಕ್ಕದ್ದು ಎಂದು ಟೈಪ್ ಸಂಖ್ಯೆ ಹೇಳುವುದೇ ಇಲ್ಲ. ಅದನ್ನು ತಿಳಿಯಲು ಜೊತೆಯ ಮಾಹಿತಿಪತ್ರದಲ್ಲಿ ಆಯಾ ರಾಸಾಯನಿಕದ ಹೆಸರಿನ ಮುಂದಿನ ದರ್ಜೆಯನ್ನು ಓದಬೇಕು.

ಆಸ್ಪತ್ರೆಯ ಉಡುಪಿನದು ಇನ್ನೊಂದು ಪರೀಕ್ಷೆ. 2020ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೇಳಿದ್ದು ಕೃತಕ ರಕ್ತದ ಪರೀಕ್ಷೆಯ ಮೂರನೆಯ ದರ್ಜೆಯನ್ನು. ಅಂದರೆ 3.5 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ ಕೃತಕ ರಕ್ತ ತೂರಿಬರಬಾರದು. ಈಗ ಒಂದು ಲೆಕ್ಕ ಮಾಡಿ. 70 ಕಿಲೋಗ್ರಾಂ ತೂಕದವರು ಒದ್ದೆ ನೆಲದ ಮೇಲೆ ಒಂದು ಮಂಡಿ ಊರಿದರೆ, ಅರ್ಧ ಭಾರ 50 ಚದರ ಸೆಂಟಿಮೀಟರಿನ ಮೇಲೆ ಬೀಳುತ್ತದೆ ಎನ್ನೋಣ. ಒತ್ತಡ ಸುಮಾರು 69 ಕಿಲೋಪ್ಯಾಸ್ಕಲ್, ಪರೀಕ್ಷೆಯದರ ಇಪ್ಪತ್ತರಷ್ಟು! ಪರೀಕ್ಷೆ ತಪ್ಪಲ್ಲ. ಅದು ಯಾವ ಸಂದರ್ಭಕ್ಕೆ ಹೊಂದುತ್ತದೆ ಎಂದು ಕೇಳದಿರುವುದು ತಪ್ಪು.

ಶಾಖದ ಲೆಕ್ಕ

ಮೂರನೆಯ ನಂಬಿಕೆಯೇ ಹೆಚ್ಚು ಅಪಾಯಕಾರಿ. ಸಾಧಾರಣ ಶ್ರಮದ ಕೆಲಸ ಮಾಡುವಾಗ ನಮ್ಮ ದೇಹ ಸುಮಾರು 300 ವಾಟ್ ಶಾಖ ಬಿಡುಗಡೆ ಮಾಡುತ್ತದೆ. ಸುತ್ತಲ ಗಾಳಿ ಬಿಸಿಯಾಗಿದ್ದರೆ ಇದು ಹೊರಹೋಗಲು ಮುಖ್ಯ ದಾರಿ ಬೆವರು ಆರುವುದು. ಒಂದು ಲೀಟರ್ ಬೆವರು ಆವಿಯಾಗಲು ಬೇಕಾದ ಗುಪ್ತೋಷ್ಣ ಸುಮಾರು 2400 ಕಿಲೋಜೂಲ್. ಗಂಟೆಗೆ ಅರ್ಧ ಲೀಟರ್ ಬೆವರು ಆರಿದರೆ 330 ವಾಟ್‌ನಷ್ಟು ಶಾಖ ತೊಲಗುತ್ತದೆ, ಲೆಕ್ಕ ಸರಿಹೋಗುತ್ತದೆ. ಆವಿ ಹೊರಹೋಗದ ಉಡುಪಿನಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ದೇಹದ ತಾಪ ಏರುತ್ತದೆ.

ಗಾಳಿಯ ತಾಪ, ತೇವ, ಬಿಸಿಲು, ಗಾಳಿಯ ಓಟ ಎಲ್ಲವನ್ನೂ ಸೇರಿಸಿ ಅಳೆಯುವ ‘ವೆಟ್ ಬಲ್ಬ್ ಗ್ಲೋಬ್ ತಾಪ’ ಎಂಬ ಸೂಚ್ಯಂಕವಿದೆ. ಅಮೆರಿಕದ ಎಸಿಜಿಐಎಚ್ ಸಂಸ್ಥೆ ಉಡುಪಿಗೆ ತಕ್ಕಂತೆ ಇದಕ್ಕೆ ಕೂಡಿಸಬೇಕಾದ ಮೌಲ್ಯಗಳನ್ನು ಕೊಟ್ಟಿದೆ. ಸಾಮಾನ್ಯ ಕೆಲಸದ ಬಟ್ಟೆಗೆ ಸೊನ್ನೆ. ಎಸ್‌ಎಂಎಸ್ ಕವರಾಲ್‌ಗೆ 0.5 ಡಿಗ್ರಿ ಸೆಲ್ಸಿಯಸ್. ಪಾಲಿಓಲಿಫಿನ್ ಕವರಾಲ್‌ಗೆ 1 ಡಿಗ್ರಿ. ಆವಿಯನ್ನು ತಡೆಯುವ ಕವರಾಲ್‌ಗೆ 11 ಡಿಗ್ರಿ. ಬಿಸಿಲಿಗೆ ಒಗ್ಗಿದವರು ಬಹುಪಾಲು ಬಿಡುವಿಲ್ಲದೆ ಸಾಧಾರಣ ಶ್ರಮದ ಕೆಲಸ ಮಾಡಲು ಅದೇ ಸಂಸ್ಥೆಯ ಮಿತಿ 28 ಡಿಗ್ರಿ. ಸೂಚ್ಯಂಕ 27 ಇರುವ ದಿನ ಎಸ್‌ಎಂಎಸ್ ತೊಟ್ಟವರಿಗೆ ಅದು 27.5, ಮಿತಿಯೊಳಗೆ. ಆವಿ ತಡೆಯುವ ಉಡುಪಿನವರಿಗೆ 38! ನಮ್ಮ ಕರಾವಳಿಯಲ್ಲಿ 27 ಅಪರೂಪದ ಅಂಕಿಯಲ್ಲ. ದೂಳಿನ ಕೆಲಸಕ್ಕೆ ‘ಇರಲಿ, ಕ್ಷೇಮ’ ಎಂದು ಆವಿ ತಡೆಯುವ ಉಡುಪು ಕೊಡುವವರು ಒಂದು ಅಪಾಯ ತಪ್ಪಿಸಲು ಇನ್ನೊಂದನ್ನು ತರುತ್ತಾರೆ. ಸೆಕೆ ತಾಳಲಾರದೆ ಜಿಪ್ ಇಳಿಸಿದ ಕೂಡಲೇ ಮೊದಲಿನ ಅಪಾಯವೂ ಮರಳುತ್ತದೆ. ಹಾಗಾಗಿ ಹಿತ ಎಂಬುದು ಇಲ್ಲಿ ಸುರಕ್ಷೆಯ ಭಾಗವೇ.

ಹೊಲದಲ್ಲಿ ಏನು?

ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸಿದ ಸುಮಾರು 20 ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ರಕ್ಷಾ ಉಡುಪು ಹಂಚಬೇಕೆಂಬ ಮಾತು ಎಲ್ಲೆಡೆ ಕೇಳಿಬಂತು. ಆದರೆ ಎಂಥ ಉಡುಪು? ‘ಇ.ಸಿ.’ ಎಂದು ಗುರುತಿಸಿದ ಕೀಟನಾಶಕಗಳಲ್ಲಿ ಕ್ಸೈಲೀನ್ ಜಾತಿಯ ದ್ರಾವಕಗಳಿರುವುದು ಸಾಮಾನ್ಯ. ಡಬ್ಬಿಯಿಂದ ಸುರಿದು ಬೆರೆಸುವಾಗ ಮೈಮೇಲೆ ಚೆಲ್ಲುವ ಗಟ್ಟಿ ದ್ರವಕ್ಕೂ, ನೀರು ಬೆರೆಸಿ ಸಿಂಪಡಿಸುವಾಗ ತಾಗುವ ತೆಳು ದ್ರಾವಣಕ್ಕೂ ಒಂದೇ ಉಡುಪು ಸಾಲದು. ಬೆರೆಸುವಾಗ ರಾಸಾಯನಿಕ ತಡೆಯುವ ಕೈಗವಸು ಮತ್ತು ಮುಂಗವಸು, ಸಿಂಪಡಿಸುವಾಗ ಹಗುರವಾದ ಮೈಮುಚ್ಚುವ ಉಡುಪು ಎಂದು ವಿಂಗಡಿಸುವುದು ವಿವೇಕ.

ನಮ್ಮ 1971ರ ಕೀಟನಾಶಕ ನಿಯಮಗಳು ರಕ್ಷಾ ಉಡುಪಿನ ಬಟ್ಟೆ ವಿಷ ಒಳಸೇರದಂತೆ ತಡೆಯಬೇಕೆಂದಷ್ಟೇ ಹೇಳಿ ಬಿಟ್ಟಿಲ್ಲ. ಪ್ರತಿ ಬಳಕೆಯ ನಂತರ ವಿಷ ತೊಲಗುವಂತೆ ಒಗೆಯಲು ಬರಬೇಕು ಎಂದೂ ಹೇಳುತ್ತವೆ. ಎಸೆಯುವ ಉಡುಪಿನ ಮೇಲೆ ‘ಒಗೆಯಬೇಡಿ’ ಎಂಬ ಗುರುತು ಇರುತ್ತದೆ, ಏಕೆಂದರೆ ಒಗೆದರೆ ದ್ರವ ಜಾರಿಸುವ ಲೇಪ ಹೋಗುತ್ತದೆ, ನವಿರು ಪದರ ಹರಿಯುತ್ತದೆ. ದಿನಗೂಲಿಯಿಂದ ಬದುಕುವವರಿಗೆ ಒಂದೇ ಒಂದು ಎಸೆಯುವ ಉಡುಪು ಕೊಟ್ಟರೆ ಅವರು ಎಸೆಯುವುದಿಲ್ಲ. ಒಗೆದು ಮತ್ತೆ ತೊಡುತ್ತಾರೆ. ದಿನಕ್ಕೊಂದರಂತೆ ಕೊಡಲಾಗದಿದ್ದರೆ ಒಗೆಯಬಹುದಾದ ಉಡುಪನ್ನೇ ಕೊಡುವುದು ಸರಿ.

ತರಗತಿಯಲ್ಲಿ ಮಾಡಿ ನೋಡಿ

ಸ್ಪನ್‌ಬಾಂಡ್ ಕೈಚೀಲದ ಒಂದು ತುಂಡು, ಮೂರು ಪದರದ ಮುಖಗವಸಿನ ನಡುಪದರ, ಪಾಲಿಥೀನ್ ಚೀಲದ ಒಂದು ತುಂಡು ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಒತ್ತುಕಾಗದದ ಮೇಲಿಟ್ಟು ಒಂದು ಹನಿ ನೀರು, ಒಂದು ಹನಿ ಸಾಬೂನು ನೀರು, ಒಂದು ಹನಿ ಸರ್ಜಿಕಲ್ ಸ್ಪಿರಿಟ್ ಹಾಕಿ. ಯಾವುದು ಎಲ್ಲಿ ಕೆಳಗಿಳಿಯಿತು ಎಂದು ಬರೆದಿಡಿ. ಸ್ಪಿರಿಟ್ಟನ್ನು ಬೆಂಕಿಯಿಂದ ದೂರವಿಡಿ. ಬಳಿಕ ಒಂದೇ ಗಾತ್ರದ ಮೂರು ಲೋಟಗಳಲ್ಲಿ ಸಮಪ್ರಮಾಣದ ನೀರು ಹಾಕಿ, ಬಾಯಿಗೆ ಈ ಮೂರು ತುಂಡುಗಳನ್ನು ಬಿಗಿಯಾಗಿ ಕಟ್ಟಿ, ಗಾಳಿಯಾಡುವಲ್ಲಿ ಎರಡು ದಿನ ಇಡಿ. ಮೊದಲು ಮತ್ತು ಕೊನೆಗೆ ತೂಗಿ. ಹನಿಯನ್ನು ತಡೆಯುವುದು, ಆವಿಯನ್ನು ಬಿಡುವುದು ಎರಡೂ ಬೇರೆ ಬೇರೆ ಗುಣಗಳೆಂಬುದು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗುತ್ತದೆ.

ಆರಿಸುವ ಕ್ರಮ

ಉಡುಪು ರಕ್ಷಣೆಯ ಕೊನೆಯ ಸಾಲು. ವಿಷವನ್ನೇ ಬದಲಿಸಲು ಆಗುತ್ತದೆಯೇ, ದೂಳನ್ನು ಹುಟ್ಟುವಲ್ಲೇ ಹೀರಿ ತೆಗೆಯಲು ಸಾಧ್ಯವೇ ಎಂಬುದನ್ನು ಮೊದಲು ನೋಡಬೇಕು. ಉಡುಪೇ ಬೇಕೆಂದಾದರೆ ಈ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ: ಅಪಾಯ ದೂಳೇ, ಹನಿಯೇ, ಧಾರೆಯೇ, ಅನಿಲವೇ? ದ್ರವವಾದರೆ ಅದರ ಹೆಸರೇನು, ಆ ಹೆಸರು ಮಾಹಿತಿಪತ್ರದಲ್ಲಿದೆಯೇ? ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ್ದಾರೆಯೇ? ಹತ್ತಿರ ಬೆಂಕಿ ಅಥವಾ ವೆಲ್ಡಿಂಗ್ ಕಿಡಿ ಇದೆಯೇ? ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಯಲ್ಲಿ ಕರಗಿ ಮೈಗೆ ಅಂಟುತ್ತದೆ. ತೊಟ್ಟವರು ಕೈ ಮೇಲೆತ್ತಿ, ಬಗ್ಗಿ, ಕುಕ್ಕರಗಾಲಲ್ಲಿ ಕೂರಬಲ್ಲರೇ? ಸ್ಥಳದ ಶಾಖಕ್ಕೆ ಉಡುಪಿನ ಶಾಖ ಕೂಡಿಸಿದರೆ ಎಷ್ಟು ಹೊತ್ತಿಗೊಮ್ಮೆ ನೆರಳು, ನೀರು, ಬಿಡುವು ಕೊಡಬೇಕು? ಹೊರಮೈ ಚರ್ಮಕ್ಕೆ ತಾಗದಂತೆ ಕಳಚುವುದನ್ನು ಯಾರು ಕಲಿಸುತ್ತಾರೆ? ಕಳಚಿದ್ದು ಎಲ್ಲಿ ಹೋಗುತ್ತದೆ?

ಇವುಗಳಿಗೆ ಉತ್ತರ ಸಿಕ್ಕ ಮೇಲೆ ತೂಕವನ್ನೂ ಬೆಲೆಯನ್ನೂ ನೋಡಬಹುದು. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಕಾರ್ಖಾನೆಯ ಮೇಲ್ವಿಚಾರಕರಾಗುತ್ತಾರೆ, ಕೃಷಿ ಅಧಿಕಾರಿಗಳಾಗುತ್ತಾರೆ, ಖರೀದಿಯ ಕಾಗದಕ್ಕೆ ಸಹಿ ಹಾಕುತ್ತಾರೆ. ಆಗ ಈ ಪ್ರಶ್ನೆಗಳು ಅವರಿಗೆ ನೆನಪಿದ್ದರೆ ಉಡುಪು ತೊಡುವವರಿಗೆ ಉಪಕಾರವಾಗುತ್ತದೆ.