ನೆವಿಲ್ ಷೂಟನ ‘ರೌಂಡ್ ದಿ ಬೆಂಡ್’

ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನಲ್ಲಿ ಖಾಸಗಿ ವಿಮಾನಗಳ ಹಾರಾಟಕ್ಕೆ ಮತ್ತೆ ಅನುಮತಿ ದೊರೆತುದು 1946ರ ಜನವರಿ 1ರಂದು. ಸೈನ್ಯಕ್ಕೆ ಬೇಡವಾದ ಟೈಗರ್ ಮಾತ್ ವಿಮಾನಗಳು ಅಗ್ಗವಾಗಿ ಮಾರಾಟವಾದುವು; ರಿಯರ್ಸ್‌ಬಿ ಎಂಬಲ್ಲಿ ಆಸ್ಟರ್ ವಿಮಾನಗಳು ತಯಾರಾದುವು. ಆ ಕಾಲದ ನೆನಪಿನ ಬರಹಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ಹುಲ್ಲಿನ ಮೈದಾನ, ತಗಡಿನ ಕೊಟ್ಟಿಗೆ, ಕೈಯಿಂದ ತಿರುಗಿಸಿ ಚಾಲೂ ಮಾಡಬೇಕಾದ ಎಂಜಿನು, ಬೇಲಿಯಾಚೆ ನಿಂತು ನೋಡುವ ಹುಡುಗ — ಓದಲು ಹಿತವಾದುವೇ ಸರಿ. ಆದರೆ ಅವುಗಳಲ್ಲಿ ಬಹುಪಾಲು ಹಾರಿದವನ ನೆನಪು. ಹಾರಲು ತಕ್ಕಂತೆ ವಿಮಾನವನ್ನು ಕಾಪಾಡಿದವನು ಒಂದು ವಾಕ್ಯದಲ್ಲಿ ಬಂದು ಮರೆಯಾಗುತ್ತಾನೆ. 1951ರಲ್ಲಿ ಹೊರಬಂದ ಷೂಟನ ಈ ಕಾದಂಬರಿಯನ್ನು ನಾವು ಮೆಚ್ಚುವುದು ಮುಖ್ಯವಾಗಿ ಆ ಮರೆಯಾದವನನ್ನು ನಡುವಿಗೆ ತಂದುದಕ್ಕಾಗಿ.

ಷೂಟನು (1899–1960) ವೃತ್ತಿಯಿಂದ ಎಂಜಿನಿಯರು. 1931ರಲ್ಲಿ ಏರ್‌ಸ್ಪೀಡ್ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬ. 1948ರಲ್ಲಿ ತನ್ನ ಪ್ರಾಕ್ಟರ್ ಎಂಬ ಸಣ್ಣ ವಿಮಾನದಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಮರುವರ್ಷ ಹಿಂದಿರುಗಿದನು. ಕಾದಂಬರಿಗೆ ಸಾಮಗ್ರಿ ಒದಗಿದುದು ಆ ಯಾನದಲ್ಲಿಯೇ.

ಕಥೆಯನ್ನು ಹೇಳುವವನು ಟಾಮ್ ಕಟರ್. ಸರ್ ಅಲನ್ ಕಾಬಮ್‌ನ ವಿಮಾನ ಸರ್ಕಸ್ಸಿನಲ್ಲಿ ಹುಡುಗನಾಗಿ ದುಡಿದು, ಯುದ್ಧಾನಂತರ ಹಳೆಯ ಫಾಕ್ಸ್ ಮಾತ್ ವಿಮಾನವೊಂದನ್ನು ಕೊಂಡು ಬಹರೇನಿಗೆ ಹೋಗಿ ಸರಕು ಸಾಗಿಸುವ ಉದ್ಯಮ ನಡೆಸುತ್ತಾನೆ. (ಫಾಕ್ಸ್ ಮಾತ್‌ನಲ್ಲಿ ಪ್ರಯಾಣಿಕರು ಮುಂದಿನ ಪುಟ್ಟ ಕೋಣೆಯಲ್ಲಿ, ಚಾಲಕನು ಅವರ ಹಿಂದೆ ಬಯಲಿನಲ್ಲಿ! ಗಾಡಿಯ ಹಿಂದೆ ಕುಳಿತು ಎತ್ತು ಹೊಡೆದಂತೆ.) ಸರ್ಕಸ್ಸಿನ ಕಾಲದ ಗೆಳೆಯ ಕೋನಿ ಷಾಕ್ಲಿನ್ ಅಲ್ಲಿ ಅವನನ್ನು ಸೇರುತ್ತಾನೆ. ಕೋನಿಯು ಎಂಜಿನು ದುರಸ್ತಿ ಮಾಡುವವನು; ಕೆಲಸವನ್ನು ಸರಿಯಾಗಿ ಮಾಡುವುದೇ ದೇವರ ಸೇವೆಯೆಂದು ಸಂಗಡಿಗರಿಗೆ ಬೋಧಿಸುವವನು. ಬುದ್ಧಿ ಕೆಟ್ಟವನನ್ನು ಕುರಿತ ಆಡುಮಾತೇ ಪುಸ್ತಕದ ಹೆಸರಾಗಿದೆ.

ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ರೆಕ್ಕೆಯೊಳಗೆ ನಡೆದ ಕಳ್ಳಕೆಲಸ ಹೊರಗಣ್ಣಿಗೆ ಕಾಣದು. ತನಿಖೆ ಮಾಡಿ ರುಜು ಹಾಕುವವನ ಮನಸ್ಸಾಕ್ಷಿಯೊಂದೇ ಕಾವಲು. ಇಂಥ ಕೆಲಸದಲ್ಲಿ ಭಕ್ತಿ ಹುಟ್ಟಿತೆಂದರೆ ಅಸಂಭಾವ್ಯವೆನಿಸುವುದಿಲ್ಲ. ಷೂಟನ ನಿರಾಡಂಬರ ಶೈಲಿ ಇಲ್ಲಿ ಅವನಿಗೆ ನೆರವಾಗಿದೆ. ಆದರೆ ಕೋನಿಗೆ ಶಿಷ್ಯಸಮೂಹವೂ ಪ್ರವಾದಿಯ ಪಟ್ಟವೂ ಬಂದಂತೆ ಪಾತ್ರದ ರಕ್ತಮಾಂಸ ಕರಗುತ್ತದೆ. ಕೈಗೆ ಎಣ್ಣೆ ಮೆತ್ತಿದ ಮನುಷ್ಯನನ್ನೇ ನಾವು ನಂಬಿದ್ದೆವು.

ಇದಕ್ಕಿಂತ ಗುರುತರವಾದ ಆಕ್ಷೇಪ ಮತ್ತೊಂದಿದೆ. ಟಾಮ್‌ನು ಏಷ್ಯದ ಕೆಲಸಗಾರರನ್ನೇ ಆರಿಸುವುದಕ್ಕೆ ಸ್ನೇಹವೊಂದೇ ಕಾರಣವಲ್ಲ; ಅವರಿಂದ ಖರ್ಚು ಕಡಮೆ. ಇದನ್ನು ಕಾದಂಬರಿಯು ಮುಚ್ಚಿಡುವುದಿಲ್ಲ, ಅದಕ್ಕಾಗಿ ಕಳವಳಗೊಳ್ಳುವುದೂ ಇಲ್ಲ. ಒಂದೇ ಬೋಲ್ಟನ್ನು ಅಷ್ಟೇ ನಿಷ್ಠೆಯಿಂದ ಬಿಗಿಯುವ ಎರಡು ಕೈಗಳಿಗೆ ಎರಡು ಬಗೆಯ ಕೂಲಿ ಏಕೆಂದು ಕೋನಿಯೂ ಕೇಳಬೇಕಿತ್ತು. ನಮ್ಮಲ್ಲಿ ಕಾಯಕವನ್ನು ಕುರಿತು ವಚನ ನುಡಿದ ಶರಣರು ತಾವೇ ಕಾಯಕಜೀವಿಗಳು. ಇಲ್ಲಿ ದುಡಿಮೆಯ ಪಾವಿತ್ರ್ಯವನ್ನು ನಮಗೆ ತಿಳಿಸುವವನು ದುಡಿಸುವ ಯಜಮಾನ. ಆ ವ್ಯತ್ಯಾಸವನ್ನು ಅಧ್ಯಾಪಕರು ತರಗತಿಯಲ್ಲಿ ಚರ್ಚೆಗೆ ತರಬಹುದು. ಭಾಷೆ ಸರಳ, ಮೇಲಿನ ತರಗತಿಯ ವಿದ್ಯಾರ್ಥಿಗಳು ಸರ್ಕಸ್ಸಿನ ಭಾಗವನ್ನು ನಿಘಂಟಿನ ಹಂಗಿಲ್ಲದೆ ಓದಬಲ್ಲರು.