ಅಸಲಿ ಬೀಗ, ಹೊಸ ಸ್ವಿಚ್

ಫೋರ್ಟ್‌ವರ್ತ್ ಬಳಿಯ ಟೆಕ್ಸಸ್ ಮೋಟಾರ್ ಸ್ಪೀಡ್‌ವೇಯಲ್ಲಿ ವಸಂತಕ್ಕೆ ನಡೆಯುವ ಪೇಟ್ ಸ್ವಾಪ್ ಮೀಟ್ ಹಳೆ ಕಾರಿನವರ ಜಾತ್ರೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ಹುಚ್ಚರಿಗೆಲ್ಲ ಅದೇ ಸಂತೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕಿವಿಗೆ ಬೀಳುವ ಪ್ರಶ್ನೆಯೇ ಇಲ್ಲೂ: ಒರಿಜಿನಲ್ಲಾ, ಡೂಪ್ಲಿಕೇಟಾ? ಇಗ್ನಿಷನ್ ಲಾಕ್ ಮಟ್ಟಿಗೆ ಈ ಪ್ರಶ್ನೆಯೇ ಅರ್ಧಂಬರ್ಧ. ಒಂದು ಎಂದುಕೊಂಡದ್ದರಲ್ಲಿ ಎರಡು ಸಾಮಾನುಗಳಿವೆ: ಕೀ ಹಾಕುವ ಬೀಗ ಮತ್ತು ಅದರ ಹಿಂದೆ ಕರೆಂಟು ಹಾಯಿಸುವ ಸ್ವಿಚ್.

ಜನರಲ್ ಮೋಟಾರ್ಸ್ (ಜಿ.ಎಂ.) ತಯಾರಿಸಿದ 1968ರ ಶೆವರ್ಲೆ ಶೆವೆಲ್ ನೋಡಿ. ಬೀಗ ಡ್ಯಾಶ್‌ಬೋರ್ಡಿನಲ್ಲಿದೆ, 1969ರ ಮಾದರಿಯಿಂದ ಅದು ಸ್ಟಿಯರಿಂಗ್ ಕಾಲಂಗೆ ಹೋಯಿತು. ಕೀಯನ್ನು ಎಡಕ್ಕೆ ತಿರುಗಿಸಿ, ಮುಖದ ಮೇಲಿನ ಸಣ್ಣ ತೂತಿಗೆ ತಂತಿ ಚುಚ್ಚಿ ಒತ್ತಿದರೆ ಬೀಗ ಇಡಿಯಾಗಿ ಕೈಗೆ ಬರುತ್ತದೆ. ಒಳಗೆ ಆರು ತೆಳು ಬಿಲ್ಲೆಗಳು. ಸರಿಯಾದ ಕೀ ಹೊಕ್ಕಾಗ ಆರರ ಕಚ್ಚುಗಳೂ ಒಂದೇ ಸಾಲಿಗೆ ಬರುತ್ತವೆ, ಪಕ್ಕದ ಪಟ್ಟಿ ಅವುಗಳೊಳಗೆ ಕೂರುತ್ತದೆ, ಆಗಷ್ಟೇ ಬೀಗ ತಿರುಗೀತು. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿ 1935ರಲ್ಲಿ ಜಿ.ಎಂ.ಗೆ ಮಾಡಿಕೊಟ್ಟ ಕಟ್ಟು ಇದು. ಸವೆಯುವುದು ಹೆಚ್ಚಾಗಿ ಬಿಲ್ಲೆಗಳು ಮತ್ತು ಕೀ. ಕೈಬಲ್ಲ ಬೀಗದವರು ಬಿಲ್ಲೆ ಬದಲಿಸಿ ಹಳೆ ಕೀಗೇ ಹೊಂದಿಸಿಕೊಡುತ್ತಾರೆ. ಆದರೆ ಸವೆದ ಕೀಯಿಂದ ನಕಲು ಕಡೆಸಬಾರದು, ಸವಕಳಿಯೂ ನಕಲಾಗುತ್ತದೆ. ಕೋಡ್ ಸಿಕ್ಕರೆ ಅದರಿಂದಲೇ ಕಡೆಸಬೇಕು. ಮಾರುಕಟ್ಟೆಯ ಹೊಸ ಬೀಗವೋ ತನ್ನದೇ ಕೀ ಜೊತೆ ಬರುತ್ತದೆ. ಇಗ್ನಿಷನ್‌ಗೂ ಬಾಗಿಲಿಗೂ ಒಂದೇ ಕೀ ಸಾಕಾಗುತ್ತಿದ್ದ ಕಾರಿಗೆ ಇನ್ನು ಎರಡು ಬೇಕು. ಅಗ್ಗದವುಗಳಲ್ಲಂತೂ ಕೀ ಗಡಗಡ ಅಲ್ಲಾಡುತ್ತದೆ. ಬೀಗವನ್ನು ಅಸಲಿಯೇ ಉಳಿಸಿಕೊಳ್ಳಿ ಎನ್ನಲು ನನಗೆ ಇಷ್ಟು ಸಾಕು.

ಸ್ವಿಚ್ಚಿಗೆ ಈ ಮರ್ಯಾದೆ ಬೇಕಿಲ್ಲ. ಹ್ಯೂಸ್ಟನ್‌ನ ತೇವದ ಗಾಳಿಗೆ ಅದರೊಳಗಿನ ತಾಮ್ರ ಕಿಲುಬು ಹಿಡಿಯುತ್ತದೆ. ಕಿಲುಬಿದ್ದಲ್ಲಿ ಕರೆಂಟಿಗೆ ತಡೆ, ತಡೆಯಿದ್ದಲ್ಲಿ ಬಿಸಿ. ಹಿಂದಿನ ಪ್ಲಗ್ ಕಂದಿ ಕರಗತೊಡಗುತ್ತದೆ. ಅದರ ಮೇಲೆ ಆಮೇಲೆ ಕೂಡಿಸಿದ ಎ.ಸಿ.ಯ ಹೊರೆ ಬೇರೆ (ಟೆಕ್ಸಸ್‌ನ ಬೇಸಿಗೆಯಲ್ಲಿ ಅದಿಲ್ಲದೆ ಯಾರು ತಾನೇ ಓಡಿಸುತ್ತಾರೆ!). ಡ್ಯಾಶಿನ ಹಿಂದೆ ಯಾರಿಗೂ ಕಾಣದ ಸಾಮಾನಿನಲ್ಲಿ ಅಸಲಿಗೆ ಜೋತುಬೀಳುವುದು ಬರೀ ಹಟ.

ಆದರೂ ಸಂತೆಯಲ್ಲಿ ಕಂಪನಿಯ ಹಳೆ ಡಬ್ಬಿ, ಮೇಲೊಂದು ಪಾರ್ಟ್ ನಂಬರ್ ಕಂಡರೆ ಕೇಳಿದಷ್ಟು ಕೊಟ್ಟುಬಿಡುತ್ತಾರೆ. ಆ ನಂಬರಿನ ಬೆಲೆ 2014ರಲ್ಲಿ ಗೊತ್ತಾಯಿತು. ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ಜಿ.ಎಂ. ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ಓಡುವಾಗಲೇ ಕೀ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ಬಿಚ್ಚುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಜಾರ್ಜಿಯಾದ ಮೊಕದ್ದಮೆಯೊಂದರಲ್ಲಿ ಎಂಜಿನಿಯರ್ ಒಬ್ಬರು ಅಪಘಾತದ ಕಾರಿನ ಸ್ವಿಚ್ಚನ್ನೂ ಹೊಸದಾಗಿ ಕೊಂಡ ಸ್ವಿಚ್ಚನ್ನೂ ಬಿಚ್ಚಿ ಹೋಲಿಸಿದರು. ಹೊಸದರ ಒತ್ತುಕಡ್ಡಿ ಉದ್ದ, ಸ್ಪ್ರಿಂಗ್ ಬಿಗಿ. ನಂಬರ್ ಮಾತ್ರ ಅದೇ. 2006ರಲ್ಲಿ ಕಂಪನಿಯೊಳಗೆ ಸದ್ದಿಲ್ಲದೆ ಒಪ್ಪಿದ ತಿದ್ದುಪಡಿ ಅದು. ಅಪಾಯ ತಂದದ್ದು ಕಾರಿನ ಜೊತೆ ಬಂದ ಸ್ವಿಚ್, ಬದಲಿಯದಲ್ಲ.

ಹಾಗಾಗಿ ಪೇಟ್‌ನಲ್ಲಿ ದುಡ್ಡು ಎಣಿಸುವ ಮೊದಲು ಸ್ವಿಚ್ ತಿರುಗಿಸಿ ನೋಡಿ. ಪ್ರತಿ ನಿಲುಗಡೆಯಲ್ಲೂ ಟಕ್ಕೆಂದು ಕೂರಬೇಕು, ಸ್ಟಾರ್ಟ್‌ನಿಂದ ಕೈಬಿಟ್ಟೊಡನೆ ತಾನೇ ಹಿಂದಕ್ಕೆ ಬರಬೇಕು. ಡಬ್ಬಿ ತೆರೆಯಲು ಬಿಡದವನ ಮಾಲು ಶೋಕೇಸಿಗೆ ಲಾಯಕ್ಕು.